ಕಾಡುಬಸಳೆಯ ಪರಾಗ

ಬ್ರಷ್ಷಿನ ತುದಿಗೆ ಏನೂ ಹತ್ತುತ್ತಿಲ್ಲ, ಇಬ್ಬನಿಯ ತೇವ ಇನ್ನೂ ಆರಿಲ್ಲ, ಪರಾಗ ಉದುರಬೇಕಾದರೆ ಬಿಸಿಲು ಬೇಕು, ಬಿಸಿಲು ಈಗಷ್ಟೇ ನೀರಿನ ಟ್ಯಾಂಕಿನ ಹಿಂದಿನಿಂದ ಇಣುಕುತ್ತಿದೆ — ಹಳೆಯ ಐಲೈನರ್ ಬ್ರಷ್ಷು, ಕೂದಲೆಲ್ಲ ಉದುರಿ ನೂಲಿನಷ್ಟು ತುದಿ ಉಳಿದಿದೆ, ಇದಕ್ಕಿಂತ ಸಣ್ಣದು ಅಂಗಡಿಯಲ್ಲಿ ಸಿಗುವುದಿಲ್ಲ — ಕೆಳಗೆ ಯಾರೋ ಮಂಚ ಎಳೆಯುತ್ತಿದ್ದಾರೆ, ಕಬ್ಬಿಣದ ಕಾಲು ಟೈಲ್ಸ್ ಮೇಲೆ ಕಿರ್ರೆನ್ನುತ್ತದೆ, ಯಾರೋ ಅಂದರೆ ಯಾರು, ಶಿವಗಂಗಾ, ಶಿವಗಂಗಾಳ ಗಂಡ, ಎರಡನೇ ಮಹಡಿಯ ಬಾಡಿಗೆಯವರು, ಮನೆ ಖಾಲಿ ಮಾಡುತ್ತಿದ್ದಾರೆ, ಅಲ್ಲ, ನಾವು ಖಾಲಿ ಮಾಡಿಸುತ್ತಿದ್ದೇವೆ, ಸರಿಯಾಗಿ ಹೇಳು ಭಾಗ್ಯಶ್ರೀ, ಮನಸ್ಸಿನೊಳಗಾದರೂ ಸರಿಯಾಗಿ ಹೇಳು, ನೀನು ಖಾಲಿ ಮಾಡಿಸುತ್ತಿದ್ದೀಯ, ಮತ್ತು ಆ ಸದ್ದು ಕೇಳಲಾರದೆ ತಾರಸಿಗೆ ಬಂದು ಹೂವಿನೊಳಗೆ ಮುಖ ಹುದುಗಿಸಿಕೊಂಡಿದ್ದೀಯ. ಇಳಿದು ಹೋಗಬೇಕು. ಇಳಿದು ಹೋಗಿ ಅತ್ತೆಯ ಎದುರು ನಿಂತು, ಇವರು ಎಲ್ಲಿಗೂ ಹೋಗಬೇಕಿಲ್ಲ ಅನ್ನಬೇಕು, ಅಷ್ಟೇ, ಒಂದು ವಾಕ್ಯ, ಈ ಹೂವೊಂದನ್ನು ಮುಗಿಸಿ ಇಳಿಯುತ್ತೇನೆ — ಭಾನುವಾರ, ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಬಾಡಿನ ಘಮ ಮೆಟ್ಟಿಲು ಹತ್ತಿ ಇಲ್ಲಿಯವರೆಗೂ ಬಂತು, ಗೇಟಿನಲ್ಲಿ ತಗಡಿನ ಬೋರ್ಡು, ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ, ಅದನ್ನು ತಗುಲಿಹಾಕಿದ ದಿನ ನಮ್ಮ ಮನೆಯಲ್ಲಿ ತಲೆಕಾಲು ಸಾರು, ನಾನು ನಕ್ಕಿದ್ದೆ, ಅಲ್ಲ ಅತ್ತೆ, ನಾವೇ ತಿಂತೀವಲ್ಲ, ಅತ್ತೆ ಪಿಳ್ಳಮ್ಮ ಮೂಳೆ ಚೀಪುತ್ತಲೇ ಅಂದರು, ಅಯ್ಯೋ ಪೆದ್ದಿ, ತಿನ್ನೋದನ್ನ ಯಾರ್ ಕೇಳ್ತಾರೆ, ಅಂಗ್ ಬರೆದ್ರೆ ಬರಬಾರ್ದೋರು ಬರಾಕಿಲ್ಲ. ಬರಬಾರದವರು. ರಾಗಿ ಹೊಲಗಳೆಲ್ಲ ಹೋಗಿ ಚಂದಾಪುರದ ತುಂಬ ನಮ್ಮಂಥವರ ನಾಲ್ಕಂತಸ್ತಿನ ಕಟ್ಟಡಗಳು ಎದ್ದವು, ಹೊಲ ಹೋಯಿತು, ಬದು ಹೋಗಲಿಲ್ಲ, ಅದೇ ಈಗ ಗೇಟಾಗಿ ನಿಂತಿದೆ.

ಗಂಟೆಯಂತೆ ತಲೆಕೆಳಗಾಗಿ ನೇತಾಡುವ ಹೂವು, ಹವಳದ ಬಣ್ಣ, ಇದು ತಾಯಿ ಗಿಡ, ಕಲಾಂಚೊ, ದಪ್ಪ ಎಲೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಜಾತಿ — ಜಾತಿ, ನೋಡು, ಗಿಡಕ್ಕೂ ಅದೇ ಪದ — ಮೊಗ್ಗು ಬಿರಿಯುವ ಮೊದಲೇ ಕೊಳವೆಯನ್ನು ಬ್ಲೇಡಿನಿಂದ ಸೀಳಬೇಕು, ಒಳಗಿನ ಕೇಸರಗಳನ್ನು ಚಿಮುಟದಿಂದ ಒಂದೊಂದಾಗಿ ಕಿತ್ತು ತೆಗೆಯಬೇಕು, ತನ್ನದೇ ಪರಾಗ ತನ್ನ ಮೇಲೆಯೇ ಬೀಳಬಾರದು, ಬಿದ್ದರೆ ಹೊಸದೇನೂ ಹುಟ್ಟುವುದಿಲ್ಲ, ಆಮೇಲೆ ಇನ್ನೊಂದು ಗಿಡದ ಪರಾಗ ತಂದು ಸವರಬೇಕು, ತಾಂಬೂಲ ಹಾಕಿಕೊಡುವ ಬಲೆಬಟ್ಟೆಯ ಚೀಲ ಕಟ್ಟಬೇಕು, ಕಾಯಿ ಕಚ್ಚಿತೋ ಇಲ್ಲವೋ ಅಂತ ದಿನವೂ ಬಂದು ನೋಡಬೇಕು. ಸ್ವಕೀಯ ಪರಾಗಸ್ಪರ್ಶ, ಪರಕೀಯ ಪರಾಗಸ್ಪರ್ಶ, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು, ಪರಕೀಯದಿಂದ ತಳಿ ಗಟ್ಟಿಯಾಗುತ್ತದೆ ಎಂದು ಬರೆದು ಪೂರ್ತಿ ಅಂಕ ತೆಗೆದವಳು ನಾನು, ಬಿ.ಎಸ್ಸಿ. ಬಾಟನಿ ನಾನು, ಊರಿಗೆಲ್ಲ ವಾಟ್ಸ್ಯಾಪ್ ಗುಂಪಿನಲ್ಲಿ ಬೆರಕೆ ತಳಿಯ ಪಾಠ ಹೇಳುವವಳು ನಾನು — ಮತ್ತು ತಂದೆ ಗಿಡ, ಅದೋ ಪ್ಯಾರಾಪೆಟ್ಟಿನ ಮೂಲೆಯಲ್ಲಿ, ಹಳೆಯ ಪೇಂಟ್ ಡಬ್ಬದಲ್ಲಿ, ಕಾಡುಬಸಳೆ, ಅವಳು ತಂದದ್ದು. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಅವಳಿಗೆ, ಶಿಫ್ಟು ಮುಗಿಸಿ ಬಟ್ಟೆ ಒಣಗಿಸಲು ಬಂದವಳು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಇದೇನಕ್ಕ, ಹೂವಿಗೆ ಕಾಡಿಗೆ ಹಚ್ತಾ ಇದ್ದೀರಾ ಅಂದಿದ್ದಳು, ನಾನು ವಿವರಿಸಿದೆ, ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು, ಓ ಹಂಗಾದ್ರೆ ನೀವು ಮದುವೆ ಬ್ರೋಕರು, ಹುಡುಗಿ ಸಕ್ಕತ್ತಾಗವ್ಳೆ ಅಕ್ಕ, ಹುಡುಗನ್ನ ನಾನ್ ತರ್ತೀನಿ ಇರಿ. ಕುಣಿಗಲ್ ಕಡೆಯ ತಮ್ಮ ಊರಿಗೆ ಹೋಗಿ ಬಂದಾಗ ಕ್ಯಾರಿಬ್ಯಾಗಿನಲ್ಲಿ ಬುಡಸಮೇತ ಗಿಡವನ್ನೇ ತಂದಳು, ಗೊಂಚಲು ಗೊಂಚಲು ಹೂವು, ಅದರ ಊದಿದ ಬುರುಡೆಯನ್ನು ಕಿತ್ತು ನನ್ನ ಹಣೆಗೆ ಪಟ್ಟಂತ ಒಡೆದಳು, ಚಿಕ್ಕೋರಾಗಿದ್ದಾಗ ಇದೇ ಪಟಾಕಿ ನಮ್ಗೆ ಅಕ್ಕ, ನಮ್ ಕೇರೀಲಿ ಗೋಡೆ ಮೇಲೆಲ್ಲಾ ಇದೇ ಗಿಡ —

ಕೇರಿ ಅಂದಳು. ಬೀದಿ ಅನ್ನಲಿಲ್ಲ, ನಮ್ಮೂರಲ್ಲಿ ಅನ್ನಲಿಲ್ಲ, ಮೊದಲನೇ ಮಹಡಿಯ ಗದಗಿನ ಚನ್ನವೀರಪ್ಪನವರ ಹಾಗೆ ಓಣಿ ಅನ್ನಲಿಲ್ಲ. ನಮ್ಮ ಕಡೆ ಊರು ಅಂದರೆ ನಾವು, ಕೇರಿ ಅಂದರೆ ನಾವು ಊರಾಚೆ ಇಟ್ಟವರು, ಈ ಸೀಮೆಯಲ್ಲಿ ಹುಟ್ಟಿದ ಯಾವ ಮಗುವಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವಳ ಕೈ ಹೂವಿನ ಮೇಲೆ ನಿಂತಿತು, ನನ್ನ ಮುಖ ನೋಡಿದಳು, ನಾವು ಲಿಂಗಾಯತರು ಅಮ್ಮಾ, ಮೊಟ್ಟೆನೂ ಮುಟ್ಟಲ್ಲ ಎಂದು ಹೇಳಿ ಮನೆ ಹಿಡಿದವಳು, ನಾನು ಏನೂ ಕೇಳಿಸದವಳ ಹಾಗೆ ಚಿಮುಟ ಒರೆಸಿದೆ, ಎಷ್ಟು ಚೆನ್ನಾಗಿ ಒರೆಸಿದೆ, ನನ್ನ ದೊಡ್ಡತನಕ್ಕೆ ನಾನೇ ಒಳಗೊಳಗೆ ತಲೆದೂಗಿದೆ, ನೋಡು, ನಾನು ಅಂಥವಳಲ್ಲ, ನನಗೆ ಅದೆಲ್ಲ ಲೆಕ್ಕಕ್ಕಿಲ್ಲ. ಅವಳ ಉಸಿರು ಸಡಿಲವಾದದ್ದು ಕೇಳಿಸಿತು. ಆ ಸಡಿಲದಲ್ಲೇ ಅಂದಳು, ಅಕ್ಕಾ, ಮರಿ ಹುಟ್ಟಿದ್ಮೇಲೆ ನಮ್ಮಿಬ್ರ ಹೆಸರೂ ಸೇರ್ಸಿ ಇಡೋಣ, ಭಾಗ್ಯಗಂಗಾ, ಚೆನ್ನಾಗಿದೆ ಅಲ್ವಾ. ಚೆನ್ನಾಗಿದೆ ಅಂದೆ. ಎಲ್ಲೋ ಮುಳ್ಳಾಡಿತು. ಇಲ್ಲಿ, ಎದೆಯ ಕೆಳಗೆ, ಸಣ್ಣದಾಗಿ, ಇವಳು ನನ್ನ ಹೆಸರಿನ ಪಕ್ಕ ಕೂತುಬಿಟ್ಟಳಲ್ಲ ಎಂದು — ಅದನ್ನು ಆಗಲೇ ಗುರುತಿಸಿದೆ, ಗುರುತಿಸಿಯೂ ಬಟ್ಟೆಯ ಮೇಲಿನ ಹುಳವನ್ನು ಕೊಡವದೆ ಬಿಟ್ಟ ಹಾಗೆ ಬಿಟ್ಟೆ, ಅದು ರಾತ್ರಿ ಊಟದ ಹೊತ್ತಿಗೆ ಬಾಯಿಯವರೆಗೆ ಹತ್ತಿ ಬಂತು. ಪಿಳ್ಳಮ್ಮ ಮುದ್ದೆ ಮುರಿಯುತ್ತಾ, ಲೇ ಭಾಗ್ಯಾ, ಅದ್ಯಾವ್ದೇ ಆ ದರಿದ್ರದ ಗಿಡ, ಎಲೆ ಬಿದ್ದ ಕಡೆಯೆಲ್ಲಾ ಉಟ್ತದಲ್ಲ, ಕಿತ್ತಾಕು. ಶಿವಗಂಗಾ ತಂದಿದ್ದು ಅತ್ತೆ, ಅವರ ಕೇರೀಲಿ ಗೋಡೆ ಮೇಲೆಲ್ಲಾ ಬೆಳೆಯತ್ತಂತೆ.

ಅವರ ಊರಲ್ಲಿ ಅನ್ನಬಹುದಿತ್ತು. ಊರು, ಎರಡಕ್ಷರ, ನಾಲಗೆಗೆ ಎಷ್ಟು ಹಗುರ. ಅವರ ಕಡೆ ಅನ್ನಬಹುದಿತ್ತು, ಎಲ್ಲೋ ಸಿಕ್ಕಿತಂತೆ ಅನ್ನಬಹುದಿತ್ತು, ದಿನಕ್ಕೆ ನೂರು ಮಾತನ್ನು ಅತ್ತೆಯ ಕಿವಿಗೆ ತಕ್ಕಂತೆ ತಿದ್ದಿ ಹೇಳುವವಳು ಇದೊಂದನ್ನು ಯಾಕೆ ತಿದ್ದಲಿಲ್ಲ, ಅವಳು ಅಂದದ್ದನ್ನೇ ಅಂದೆ, ಅಷ್ಟೇ ತಾನೆ, ಸುಳ್ಳೇನೂ ಹೇಳಲಿಲ್ಲವಲ್ಲ, ಎಂದು ಆ ರಾತ್ರಿಯಿಂದ ಜಪ ಮಾಡುತ್ತಿದ್ದೇನೆ, ಜಪ ಹಿಡಿಯುತ್ತಿಲ್ಲ, ಯಾಕೆಂದರೆ ಆ ಪದದ ಮುಂದೆ ಒಂದು ಕ್ಷಣ ನಿಂತಿದ್ದೆ, ಅಡುಗೆಯಲ್ಲಿ ಉಪ್ಪು ಹಾಕುವ ಮುಂಚೆ ನಿಲ್ಲುತ್ತೇವಲ್ಲ, ಅಷ್ಟು, ನಿಂತು, ಹಾಕಿದೆ. ಪಿಳ್ಳಮ್ಮನ ಕೈ ಸಾರಿನಲ್ಲೇ ನಿಂತಿತು. ಏನಂದೆ, ಯಾವ್ ಕೇರಿ. ನಮ್ಮ ಯಜಮಾನರು ಫೋನಿನಿಂದ ತಲೆ ಎತ್ತಿದರು. ನಾನು ನೀರು ಕುಡಿದೆ. ಲೋಟದ ಪೂರ್ತಿ ನೀರು ಕುಡಿದೆ, ಬೀದಿ ಅಂದೆ ಅತ್ತೆ, ನಿಮಗೆ ಸರಿಯಾಗಿ ಕೇಳಿಸಲಿಲ್ಲ ಅನ್ನಲು ಆಗಲೂ ಹೊತ್ತಿತ್ತು, ಅವರಿಗೆ ಎಡಗಿವಿ ಮಂದ, ನಂಬುತ್ತಿದ್ದರು. ಬೆಳಿಗ್ಗೆ ಅವಳನ್ನು ಗೇಟಿನಲ್ಲೇ ನಿಲ್ಲಿಸಿಕೊಂಡು, ನೋಡವ್ವಾ, ನಮ್ ಚಿಕ್ಕಮಗಳು ಬತ್ತವ್ಳೆ, ಮನೆ ಬೇಕಾಗದೆ, ತಿಂಗಳೊಪ್ಪತ್ತಲ್ಲಿ ಬಿಟ್ಕೊಡಿ ಅಂದರು, ದನಿಯಲ್ಲಿ ಸಕ್ಕರೆ, ಅವಳು ಕಾರ್ಖಾನೆಯ ಬಸ್ಸಿಗೆ ಓಡುವ ಅವಸರದಲ್ಲಿ, ಸರಿ ಅಮ್ಮಾ ಅಂದಳು, ವಾದ ಮಾಡಲಿಲ್ಲ, ಇದು ಅವಳಿಗೆ ಮೊದಲ ಸಲವಲ್ಲ ಎಂದು ಆ ಸರಿ ಅಮ್ಮಾದಲ್ಲೇ ಗೊತ್ತಾಯಿತು. ಅವಳು ಹೋದಮೇಲೆ ಪಿಳ್ಳಮ್ಮ ಗೇಟಿನ ಚಿಲಕಕ್ಕೆ ನೀರು ಸುರಿದರು. ನಾನು ಮೇಲಿನಿಂದ ನೋಡಿದೆ. ಗಿಡಕ್ಕೆ ನೀರು ಹಾಕುತ್ತಿದ್ದೆ ಆಗ, ಇಬ್ಬರ ಕೈಯಲ್ಲೂ ಚೊಂಬಿತ್ತು.

ಮತ್ತೆ ಆ ಚನ್ನವೀರಪ್ಪನವರು. ಅವಳನ್ನು ಕಂಡಾಗಲೆಲ್ಲ ಯಾವ ಮಠದವರ್ರಿ ನೀವು, ಯಾವ ಸ್ವಾಮಿಗಳ ಕಡೆ ನಡಕೋತೀರಿ ಎಂದು ಮೆಟ್ಟಿಲಲ್ಲಿ ನಿಲ್ಲಿಸುತ್ತಿದ್ದ ಮನುಷ್ಯ, ಅವಳು ಬಕೆಟ್ಟು ಕೈ ಬದಲಿಸುತ್ತಾ ತಡವರಿಸುತ್ತಿದ್ದಳು. ಮೊನ್ನೆ ನನ್ನನ್ನು ಅದೇ ಮೆಟ್ಟಿಲಲ್ಲಿ ನಿಲ್ಲಿಸಿದರು, ದನಿ ತಗ್ಗಿಸಿ, ಆ ಹುಡುಗಿ ಬಾಯಾಗ ಒಂದ ಮಠದ ಹೆಸರೂ ಬರಲಿಲ್ರಿ ಅಕ್ಕಾರ, ಮೊದಲನೇ ವಾರದಾಗ ತಿಳೀತು ನನಗ, ತಿಳದು ಏನ ಮಾಡೋದೈತ್ರಿ, ದುಡೀತಾರ, ಉಣ್ತಾರ, ಇರ್ತಾರ, ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ಮತ್ತ ನಿಮ್ಮ ಅತ್ತಿಯವರಿಗೆ ಯಾರ ಹೇಳಿದ್ರ ಅಂತೀನಿ. ಗೊತ್ತಿಲ್ಲ ಸಾರ್ ಅಂದೆ. ಅವರು ನನ್ನನ್ನೇ ನೋಡಿದರು, ನಾನು ಅವರ ಚಪ್ಪಲಿ ನೋಡಿದೆ. ವಾಸನೆ ಹಿಡಿಯುವ ನಾಯಿಯೆಂದು ಆ ಮನುಷ್ಯನನ್ನು ಎಷ್ಟು ದಿನ ಬೈದುಕೊಂಡಿದ್ದೆನೋ — ಕೆಳಗೆ ಲಗೇಜ್ ಆಟೊ ಬಂತು, ಹಿಂದಕ್ಕೆ ಬರುವಾಗಿನ ಅದರ ಟೀಂ ಟೀಂ ಹಾಡು, ಅಣ್ಣಾ ಇನ್ನೂ ಹಿಂದೆ, ಇನ್ನೂ ಹಿಂದೆ, ಸಾಕ್ ಸಾಕ್. ಈಗ ಇಳಿಯಬೇಕು. ಬಿಸಿಲು ಹೂವಿಗೆ ಬಿತ್ತು, ಕಾಡುಬಸಳೆಯ ಕೇಸರಗಳು ಒಡೆದಿವೆ, ಈಗ ಹತ್ತುತ್ತದೆ, ಹತ್ತಿತು, ಬ್ರಷ್ಷಿನ ತುದಿ ಹಳದಿಯಾಯಿತು, ಇದನ್ನು ಸವರಿ ಇಳಿಯುತ್ತೇನೆ, ಹೊತ್ತು ಮೀರಿದರೆ ಹಾಳು — ಮೆಟ್ಟಿಲಲ್ಲಿ ಹೆಜ್ಜೆ. ಅತ್ತೆಯದಲ್ಲ, ಅತ್ತೆ ಮಂಡಿ ಹಿಡಿದು ಹತ್ತುತ್ತಾರೆ. ಇದು ಸರಸರ. ಅಯ್ಯೋ, ಅವಳ ಬಟ್ಟೆ, ತಂತಿಯ ಮೇಲೆ ಅವಳ ಬಟ್ಟೆ ಇನ್ನೂ ಇದೆ.

ಅಕ್ಕಾ, ಇಲ್ಲೇ ಇದ್ದೀರಾ, ನಾನು ಕೆಳಗೆಲ್ಲಾ ಹುಡುಕ್ದೆ. ತಿಂಡಿ ಆಯ್ತಾ ಅಂದೆ. ನಾನೇ ಮನೆಯಿಂದ ಹೊರಹಾಕಿಸಿದವಳಿಗೆ ತಿಂಡಿ ಆಯ್ತಾ ಅಂದೆ. ಆಯ್ತಕ್ಕಾ, ಹೋಟ್ಲಿಂದ ತಂದಿದ್ರು ಇವ್ರು, ಸ್ಟೌ ಎಲ್ಲಾ ಕಟ್ಬಿಟ್ವಲ್ಲ. ತಂತಿಯಿಂದ ಅಂಗಿ, ಲಂಗ, ಟವೆಲ್ಲು ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಳೆ, ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾಳೆ, ಜಿಗಣಿ ಕಡೆ ಸಿಕ್ತು ಅಕ್ಕಾ, ಶೀಟಿನ ಮನೆ, ನಮ್ಮೋರೇ ಇರೋ ವಠಾರ, ಅಲ್ಲಿ ಯಾರೂ ಏನೂ ಕೇಳಲ್ಲ. ಹೇಳು, ಈಗ ಹೇಳು. ಶಿವಗಂಗಾ, ಅವತ್ತು ರಾತ್ರಿ ಊಟಕ್ಕೆ ಕೂತಾಗ — ಬಾಯಿ ತೆರೆದೆ, ಅವಳು ಕ್ಲಿಪ್ಪು ಉಗುಳಿ ಕೈಗೆ ತೆಗೆದುಕೊಂಡು, ನನಗಿಂತ ಮೊದಲೇ, ಸುಳ್ಳು ಹೇಳಿದ್ದಕ್ಕೆ ನಿಮಗೆ ಬೇಜಾರಾಗಿದ್ಯೋ ಏನೋ ಅಕ್ಕ, ನಿಜ ಹೇಳಿದ್ರೆ ಗೇಟೇ ತೆಗೀತಿರ್ಲಿಲ್ಲ, ನಿಮ್ಮ ಹತ್ರಾನಾದ್ರೂ ಹೇಳ್ಬೇಕಿತ್ತು ನಾನು. ಅವಳು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಾಳೆ. ಛೆ, ಅದಕ್ಕೇನು ಬಿಡು ಅಂದೆ, ನಾನು ಕ್ಷಮಿಸಿದೆ, ಉದಾರವಾಗಿ, ಬ್ರಷ್ಷು ಹಿಡಿದ ಕೈಯಿಂದಲೇ ಮೂಗು ಒರೆಸಿಕೊಂಡೆ. ಯಾರೋ ಚಾಡಿ ಹೇಳವ್ರೆ ಅಕ್ಕ, ಆ ಚನ್ನವೀರಪ್ಪನೋರೇ ಇರ್ಬೇಕು, ಯಾವ ಮಠ ಯಾವ ಮಠ ಅಂತ ಪ್ರಾಣ ತಿಂತಿದ್ರು, ಈಗ ಸಾಮಾನಿಳಿಸೋಕೆ ಕೈ ಹಾಕಕ್ಕೆ ಬಂದ್ರು, ಬೇಡ ಬಿಡಿ ಸಾರ್ ಅಂತ ಮುಖಕ್ಕೆ ಹೊಡ್ದಂಗೆ ಅಂದೆ, ಅವ್ರೇ ಅಲ್ವಾ ಅಕ್ಕಾ. ಗಾಳಿ ಬೀಸಿತು, ಬಲೆಬಟ್ಟೆಯ ಚೀಲಗಳು ಅಲ್ಲಾಡಿದವು. ಇರಬಹುದು ಅಂದೆ.

ಇರಬಹುದು. ನನ್ನ ದನಿಯೇ. ಇದನ್ನು ಯಾರೂ ನನ್ನ ಬಾಯಿಂದ ಕಸಿದುಕೊಳ್ಳಲಿಲ್ಲ, ಅತ್ತೆ ಇರಲಿಲ್ಲ, ಗಂಡ ಇರಲಿಲ್ಲ, ಬೋರ್ಡು ಇರಲಿಲ್ಲ, ತಾರಸಿ, ಬಿಸಿಲು, ನಾವಿಬ್ಬರೇ. ಅವಳು ತಲೆಯಾಡಿಸಿದಳು, ನಂಗೊತ್ತಿತ್ತು, ಎಲ್ರೂ ಏನಾದ್ರೂ ಒಂದು ಕೇಳಿದೋರೇ ಅಕ್ಕ, ನೀವೊಬ್ರೇ ಏನೂ ಕೇಳ್ಲಿಲ್ಲ. ಹತ್ತಿರ ಬಂದಳು, ಹೆಗಲಿನ ಬಟ್ಟೆಯ ರಾಶಿಯನ್ನು ಎಡಗೈಗೆ ಸರಿಸಿಕೊಂಡು, ಅಯ್ಯೋ ಮೂಗಿನ ಮೇಲೆ ಪರಾಗ ಬಳ್ಕೊಂಡಿದ್ದೀರಲ್ಲ, ಹೂವು ಬಿಟ್ಟು ನಿಮಗೇ ಮದುವೆ ಮಾಡ್ಬಿಟ್ರಾ, ಎಂದು ನಕ್ಕು, ತನ್ನ ಬಿಳಿ ವೇಲಿನ ತುದಿಯಿಂದ ನನ್ನ ಮೂಗು ಒರೆಸಿದಳು, ಮಗುವಿಗೆ ಒರೆಸುವ ಹಾಗೆ, ಗಲ್ಲ ಹಿಡಿದು, ಮೆಲ್ಲಗೆ, ಇನ್ನೊಂದು ಸಲ, ಹೋಯ್ತು ಅಂದಳು. ಹೋಗಲಿಲ್ಲ, ಅದು ವೇಲಿಗೆ ಹೋಯಿತು. ಬರ್ತೀನಕ್ಕ. ಮೆಟ್ಟಿಲಲ್ಲಿ ಸರಸರ. ಕೂಗು, ಈಗಲೂ ಕೂಗಬಹುದು, ಅವರಲ್ಲ ಕಣೇ ನಾನು ಎಂದು ಕೂಗು, ಪ್ಯಾರಾಪೆಟ್ಟಿನವರೆಗೆ ಬಂದೆ, ಕೆಳಗೆ ಚನ್ನವೀರಪ್ಪನವರು ಕೈಕಟ್ಟಿ ಗೋಡೆಗೆ ಒರಗಿ ನಿಂತಿದ್ದಾರೆ, ಅವಳು ಅವರತ್ತ ನೋಡದೆ ದಾಟಿದಳು, ಅವರು ಮುಖ ತಗ್ಗಿಸಿದರು, ಯಾಕೆಂದು ಅವರಿಗೆ ಗೊತ್ತಿಲ್ಲ, ಲೇ ಭಾಗ್ಯಾ, ಬಾಡು ತಳ ಇಡೀತದೆ, ಎಲ್ ಸತ್ತೆ ಬಾರೇ, ಅವಳು ಡ್ರೈವರಿನ ಪಕ್ಕ ಹತ್ತಿ ಕೂತಳು, ವೇಲು ಬಾಗಿಲಿಗೆ ಸಿಕ್ಕಿತು, ಎಳೆದುಕೊಂಡಳು, ತುದಿಯಲ್ಲಿ ಹಳದಿ, ಇಲ್ಲಿಂದ ಕಾಣುವುದಿಲ್ಲ, ಕಾಣುತ್ತದೆ, ಆಟೊ ಹೊರಟಿತು, ಮೂಲೆ ತಿರುಗಿತು, ಜಿಗಣಿಯಲ್ಲಿ ಇಳಿದು ಬೆವರು ಒರೆಸಿಕೊಳ್ಳುತ್ತಾಳೆ, ಅದೇ ತುದಿ, ಮುಖಕ್ಕೆ, ಹಳದಿ, ಬಿಳಿ ವೇಲು, ತುದಿಯಲ್ಲಿ, ನನ್ನ ಮೂಗಿನದು, ಬಿಳಿಯ ಮೇಲೆ, ಹಳದಿ —