ಚುಕ್ಕಿಯ ನಂತರ ಎರಡಂಕಿ

ಮಕ್ಕಳ ಹೃದಯದ ಆಸ್ಪತ್ರೆಯ ಕಚೇರಿಯಲ್ಲಿ ಅತ್ತಿಗೆ, ನಾದಿನಿ ಇಬ್ಬರಿಗೂ ಒಂದೇ ಮೇಜು. ಮಗುವಿನ ತೂಕ ಬದಲಾದಂತೆ ಔಷಧದ ಅಳತೆಯೂ ಬದಲಾಗುತ್ತದೆ. ಅದನ್ನು ಪ್ರತಿ ಮನೆಗೂ ಪತ್ರ ಬರೆದು ತಿಳಿಸಬೇಕು. ಇಷ್ಟು ವರ್ಷ ಅತ್ತಿಗೆ ಒಂದೊಂದನ್ನೂ ಕೂತು ಟೈಪ್ ಮಾಡುತ್ತಿದ್ದಳು. ಈ ಸಲ ನಾದಿನಿ ಪಟ್ಟು ಹಿಡಿದು ಅಳತೆಗಳ ಪಟ್ಟಿಯಿದ್ದ ಸ್ಪ್ರೆಡ್‌ಶೀಟನ್ನು ಪತ್ರಕ್ಕೆ ಜೋಡಿಸಿ ಮೇಲ್ ಮರ್ಜ್ ಮಾಡಿದಳು. ಗುಂಡಿ ಒತ್ತಿದರೆ ಮುನ್ನೂರು ಪತ್ರ!

ಒತ್ತಿದಳು. ಪಟ್ಟಿಯಲ್ಲಿ 0.6 ಎಂದು ಸಭ್ಯವಾಗಿ ಕೂತಿದ್ದ ಅಂಕಿ ಪತ್ರಕ್ಕೆ ಬಂದಾಗ 0.60000000000000009 ಎಂದು ಬಾಲ ಬೆಳೆಸಿಕೊಂಡಿತ್ತು. ನಾದಿನಿ ಸೋಲುವವಳೇ? ಅಂಕಿ ಬರುವ ಜಾಗದ ಸಂಕೇತಕ್ಕೆ '0' ಎಂಬ ನಮೂನೆ ಸೇರಿಸಿದಳು. ಬಾಲ ಮಾಯ. ಬೀಗುತ್ತ ಅಷ್ಟನ್ನೂ ಮುದ್ರಿಸಿ ಲಕೋಟೆಗೆ ತುಂಬಿದಳು.

"ಅಂಟಿಸ್ಬೇಡ, ತಾಳು," ಎಂದಳು ಅತ್ತಿಗೆ. ಅತಿ ಹಗುರದ ಮಗುವಿನದೊಂದು, ಅತಿ ಭಾರದ್ದೊಂದು, ಕಣ್ಣುಮುಚ್ಚಿ ಎತ್ತಿದ್ದೊಂದು. ಈ ಮೂರನ್ನು ಒಬ್ಬರು ಓದಬೇಕು, ಇನ್ನೊಬ್ಬರು ವೈದ್ಯರ ಪುಸ್ತಕ ನೋಡಬೇಕು. ಅದು ಅವಳ ಹಳೇ ಹಟ.

"ಆರು ಕೆಜಿ ಮಗು," ಅತ್ತಿಗೆ ಪುಸ್ತಕದ ಮೇಲೆ ಬೆರಳಿಟ್ಟಳು. "ಓದು."

"ಒಂದು ಎಂಎಲ್."

"ಇನ್ನೊಂದ್ಸಲ ಓದು."

ನಾದಿನಿ ಅತ್ತಿಗೆಯ ಬೆರಳಿದ್ದಲ್ಲಿಗೆ ಬಗ್ಗಿ ನೋಡಿದಳು: 0.6. ಬಾಲದ ಜೊತೆಗೆ ಚುಕ್ಕಿಯನ್ನೂ ಕತ್ತರಿಸಿಬಿಟ್ಟಿದ್ದಳು, 0.6 ಹತ್ತಿರದ ಪೂರ್ಣಾಂಕಕ್ಕೆ ಏರಿ 1 ಆಗಿತ್ತು. ಆ ಔಷಧ ಹೆಚ್ಚಾದರೆ ಪುಟ್ಟ ಹೃದಯ ನಿಂತೇ ಹೋದೀತು.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಅತ್ತಿಗೆ ಬೈಯಲಿಲ್ಲ; ಕೀಬೋರ್ಡ್ ಎಳೆದುಕೊಂಡು, ಎರಡು ಕೀಲಿ ಒತ್ತಿ, ಅಡಗಿದ್ದ ಸಂಕೇತವನ್ನು ತೆರೆದಳು.

"ನಿಂಗಿದು ಗೊತ್ತಿತ್ತಾ?" ನಾದಿನಿ ಬೆರಗಾದಳು.

"ನೀನೆಲ್ಲಿ ಕೇಳ್ದೆ?"

"0.0 ಅಂತ ಹಾಕು ಅತ್ತಿಗೆ, ಸರಿಹೋಗುತ್ತೆ."

"ಆರೂವರೆ ಕೆಜಿ ಮಕ್ಕಳು ಏನ್ ಮಾಡ್ಬೇಕು? ಅವಕ್ಕೆ 0.65." ಅತ್ತಿಗೆ 0.00 ಎಂದು ಹೊಡೆದಳು.

ಅತ್ತಿಗೆ ಮದುವೆಯಾಗಿ ಬಂದ ದಿನದಿಂದ ತಾನು ಛೇಡಿಸುತ್ತಿದ್ದ ಅವಳ ದಪ್ಪ ಕನ್ನಡಕಕ್ಕೆ ನಾದಿನಿ ಮನಸ್ಸಿನಲ್ಲೇ ಕೈಮುಗಿದಳು. ಇಂಥ ಕಣ್ಣಿನ ಪಕ್ಕದಲ್ಲಿ ಕೂತು ಇಷ್ಟು ದಿನ ತಾನು ನೋಡಿದ್ದಾದರೂ ಏನನ್ನು?

ಹಳೆಯ ಪತ್ರಗಳೆಲ್ಲ ಚೂರಾದವು. ಹೊಸವು ಮುದ್ರಣವಾಗುತ್ತಿದ್ದಾಗಲೇ ಆರು ಕೆಜಿ ಮಗುವಿನ ತಾಯಿ ಕಿಟಕಿಯ ಬಳಿ ಬಂದಳು. ಅತ್ತಿಗೆ ಪುಸ್ತಕದೊಂದಿಗೆ ತಾಳೆ ನೋಡಿ ಕೊಟ್ಟ ಪತ್ರವನ್ನು ನಾದಿನಿ ಅವಳ ಕೈಗಿಟ್ಟಳು.

"ಸಿರಿಂಜಲ್ಲಿ ಅರ್ಧ ದಾಟಿ ಒಂದು ದೊಡ್ಡ ಗೀಟು, ಅಲ್ವಾ?" ತಾಯಿ ಕೇಳಿದಳು. ಮಗು ಆಗಲೇ ಪತ್ರದ ಮೂಲೆ ಜಗಿಯುತ್ತಿತ್ತು.

"ಹೂಂ, ಅಷ್ಟೇ. ಒಂದು ಹನಿನೂ ಹೆಚ್ಚು ಬೇಡ," ಎಂದಳು ನಾದಿನಿ, ಪತ್ರವನ್ನು ಮಗುವಿನ ಬಾಯಿಂದ ಬಿಡಿಸುತ್ತ.

"ಬಾರೇ," ಹಿಂದಿನಿಂದ ಅತ್ತಿಗೆ ಕೂಗಿದಳು, "ಮೂರರಲ್ಲಿ ಇನ್ನೂ ಎರಡು ಓದೋದಿದೆ."