ಅಪ್ಪನ ಬಲಗಡೆ

ಮೊಣಕೈಗೆ ಗಟ್ಟಿಯಾಗಿ ಏನೋ ತಗುಲಿತು, ಎಲುಬಲ್ಲ, ಅಪ್ಪ ಎಷ್ಟೇ ಬಡಕಲಾಗಿರಲಿ ಸೊಂಟದ ಎಲುಬು ಹೀಗೆ ಮೂಲೆ ಮೂಲೆಯಾಗಿ ಇರುವುದಿಲ್ಲ, ರಾಷ್ಟ್ರಗೀತೆ ಮುಗಿದು ಎಲ್ಲರೂ ಧಡಧಡ ಕೂರುತ್ತಿದ್ದಾರೆ, ತಗಡಿನ ಮಾಡಿನಡಿ ಇಷ್ಟೊಂದು ಬೂಟುಗಳ ಸದ್ದು ಗುಡುಗಿನ ಹಾಗೆ, ಗಂಜಲದ ವಾಸನೆ, ಎಣ್ಣೆಯಲ್ಲಿ ಕರಿದ ಹಿಟ್ಟಿನ ವಾಸನೆ, ಕೆಳಗೆ ಕಣದಲ್ಲಿ ಓಕ್ಲಹೋಮದ ಕೆಂಪು ಧೂಳು – ಇನ್ನೊಮ್ಮೆ ಮೆಲ್ಲಗೆ ಒರಗಿ ನೋಡು ರೋವೀನಾ, ಮಗಳು ಅಪ್ಪನಿಗೆ ಒರಗಿದ ಹಾಗೆ – ಹೌದು, ಅದೇ, ಕೋಟಿನ ಕೆಳಗೆ, ಬಲ ಸೊಂಟದ ಮೇಲೆ, ರಿವಾಲ್ವರಿನ ಹಿಡಿ. ಅದಕ್ಕೇ ಕೋಟು. ಈ ಸೆಕೆಯಲ್ಲಿ ಕೋಟು ಯಾಕಪ್ಪಾ ಅಂತ ಮನೆಯಲ್ಲೇ ಕೇಳಿದ್ದೆ, ಮುದುಕರ ಚಳಿ ನಿಂಗೇನು ಗೊತ್ತೇ ಅಂದರು, ಎಷ್ಟು ಚೆನ್ನಾಗಿ ಅಂದರು, ಇವತ್ತು ತಲೆ ಸರಿಯಿದೆ, ನನ್ನ ಹೆಸರು ಹಿಡಿದು ಕರೆದರು, ಹೋರಿ ಸವಾರಿ ನೋಡಿ ಎಷ್ಟು ಕಾಲ ಆಯ್ತು ಅಂತ ಚಿಕ್ಕ ಹುಡುಗನ ಹಾಗೆ ಮುಖ ಮಾಡಿದರು, ನಾನು ಕುಣಿದುಕೊಂಡು ಟಿಕೆಟ್ ತಂದೆ. ಈ ರಿವಾಲ್ವರನ್ನು ನಾನೇ ಟವಲಿನಲ್ಲಿ ಸುತ್ತಿ ತಮ್ಮನ ಮನೆಗೆ ಕೊಟ್ಟು ಬಂದಿದ್ದೆನಲ್ಲ, ಕ್ಲೀಟಸ್, ಇದನ್ನ ಕಪಾಟಲ್ಲಿಟ್ಟು ಮರೆತುಬಿಡೋ ಅಂತ, ಅವನು ಮುಖ ಊದಿಸಿಕೊಂಡು, ಅಲ್ಲ ಕಣಕ್ಕಾ, ಅದಿಲ್ದೆ ಅಪ್ಪ ಹೊಸಿಲು ದಾಟಿದ್ದೇ ಇಲ್ಲ, ಅದನ್ನೂ ಕಿತ್ಕೊಂಡ್ರೆ ಅವರ ಹತ್ರ ಇನ್ನೇನಿದೆ ಅಂದ – ಕಳೆದ ಭಾನುವಾರ ಅಪ್ಪನೂ ಅವನೂ ಜಗಲಿಯಲ್ಲಿ ಗುಸುಗುಸು ಅಂತಿದ್ದರು, ನಾನು ಬಂದ ಕೂಡಲೇ ಮಳೆಯ ಮಾತು ತೆಗೆದರು, ಆಗಲೇ ವಾಪಸು ಕೊಟ್ಟಿರಬೇಕು, ಕತ್ತೆ, ನನ್ನ ತಮ್ಮ ಶುದ್ಧ ಕತ್ತೆ.

ಕಾನೂನಿನ ಮಾತು ಕೇಳಿದರೆ ತಪ್ಪೇನೂ ಇಲ್ಲ, ಅದೇ ಭಯ. ಲೈಸೆನ್ಸು ಇನ್ನೂ ಚಾಲ್ತಿಯಲ್ಲಿದೆ, ಬಾಗಿಲಲ್ಲಿ ಬಂದೂಕು ತರಬೇಡಿ ಎಂಬ ಹಲಗೆ ಇಲ್ಲ, ಹಾಕಿದರೆ ಈ ಊರಿನ ಅರ್ಧ ಜನ ರೋಡಿಯೊಗೆ, ಈ ಹೋರಿ ಸವಾರಿಗೆ, ಬರುವುದೇ ಇಲ್ಲ, ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಬಂದು ಕೂತವನನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಅಪ್ಪನ ಮರೆವು ನೋಡಿ ಡಾಕ್ಟರು ಕಾರು ಓಡಿಸಬೇಡಿ ಅಂದರು, ಒಲೆ ಹಚ್ಚಬೇಡಿ ಅಂದರು, ಒಬ್ಬರೇ ಕೆರೆ ಕಡೆ ಹೋಗಬೇಡಿ ಅಂದರು, ಇದರ ಮಾತೇ ಬರಲಿಲ್ಲ. ನನಗೂ ಹಿಂದೆಲ್ಲ ಇದು ಹೆಮ್ಮೆಯೇ ಅಲ್ಲವೇ, ಸಿನಿಮಾ ಮಂದಿರದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ, ಶೆರಿಫ್‌ನ ಪೊಲೀಸು ಡೆಪ್ಯುಟಿ ಥರ್ಮನ್ ಕ್ಯಾಡೆಲ್‌ನ ಮಗಳು, ಕತ್ತಲಲ್ಲಿ ಎಂಥದೇ ಸದ್ದಾದರೂ ಅಪ್ಪ ಇದ್ದಾರೆ, ಅಪ್ಪನ ಹತ್ತಿರ ಅದಿದೆ. ಅಮ್ಮ ಎಂದೂ ಅವರ ಬಲಕ್ಕೆ ಕೂತವಳಲ್ಲ, ನಮ್ಮನ್ನೂ ಕೂರಲು ಬಿಟ್ಟವಳಲ್ಲ, ನಿಮ್ಮಪ್ಪನ ಬಲಗೈ ಸರ್ಕಾರದ್ದು ಕಣ್ರೇ, ಎಡಗೈ ಒಂದು ನಂದು, ಅಂತ ಆ ಎಡಗೈಯನ್ನು ತನ್ನ ಮಡಿಲಿಗೆಳೆದುಕೊಂಡು ನಗುತ್ತಿದ್ದಳು. ಅಮ್ಮ ಮಣ್ಣಾದಳು, ಎಡಗೈ ಈಗ ಸುಮ್ಮನೆ ಮೊಣಕಾಲ ಮೇಲೆ ಬಿದ್ದಿದೆ, ಬಲಗೈ – ಬಲಗೈ ಎಲ್ಲಿ, ತೋಳಿನ ಕೆಳಗೆ ಕೋಟು ಅಲ್ಲಾಡಿತೇ, ಇಲ್ಲ, ತುರಿಸಿಕೊಂಡರು ಅಷ್ಟೇ. ಧ್ವನಿವರ್ಧಕದವನು ಕಿರುಚುತ್ತಿದ್ದಾನೆ, ಈಗ ಬರ್ತಿರೋ ಹೋರಿ ಹೆಸರು ಅತ್ತೆಮ್ಮ ಕಣ್ರಪ್ಪೋ, ಇವಳ ಮೇಲೆ ಕೂತು ಬದುಕ್ಕೊಂಡ ಅಳಿಯ ಇನ್ನೂ ಹುಟ್ಟಿಲ್ಲ, ಜನ ಹೋ ಎಂದು ನಗುತ್ತಿದ್ದಾರೆ, ನಾನೂ ಹಲ್ಲು ಬಿಟ್ಟಿದ್ದೇನೆ, ಗದ್ದ ನೋಯುತ್ತಿದೆ, ಮನೆಗೆ ಹೋಗೋಣ ಅಂದರೆ ಆಯಿತು, ತಲೆನೋವು ಅಂದರೆ ಆಯಿತು, ಮೆಟ್ಟಿಲಿಳಿದು ಕಾರಿಗೆ, ಕಾರಿನಲ್ಲಿ ನೋಡಿಕೊಂಡರಾಯಿತು –

ತಿರುಗಬೇಡ, ಅಪ್ಪ ತುಟಿ ಅಲ್ಲಾಡಿಸದೆ ಹೇಳುತ್ತಾರೆ, ಹಿಂದೆ ತಿರುಗಬೇಡ, ಡೆಲ್ಬರ್ಟ್ ಮೇಯ್ಸ್ ಕೂತಿದಾನೆ. ಯಾರಪ್ಪಾ? ಡೆಲ್ಬರ್ಟ್, ನೆತ್ತಿ ಮೇಲೇ ಕೂತಿದಾನೆ ನನ್ಮಗ, ಬೂಟಲ್ಲಿ ಒದ್ದು ಒದ್ದು ನೋಡ್ತಿದಾನೆ ನಾನು ಗುರುತು ಹಿಡೀತೀನಾ ಅಂತ. ದೇವರೇ. ಡೆಲ್ಬರ್ಟ್ ಮೇಯ್ಸ್, ನಾನು ಶಾಲೆಗೆ ಹೋಗುವಾಗ ಸಾರಾಯಿ ಅಂಗಡಿಯ ಮುಂದೆ ಅಪ್ಪನ ಪಕ್ಕೆಗೆ ಚಾಕು ಹಾಕಿದವನು, ಜೈಲಿನಲ್ಲೇ ಸತ್ತ, ಹೆಣಕ್ಕೆ ಗತಿಯಿರಲಿಲ್ಲ ಅಂತ ಅಪ್ಪನೇ ಟೋಪಿ ಕೈಯಲ್ಲಿ ಹಿಡಿದು ಗುಂಡಿಯ ಹತ್ತಿರ ನಿಂತು ಬಂದವರು. ಡೆಲ್ಬರ್ಟ್ ಸತ್ತು ಎಷ್ಟು ಕಾಲ ಆಯ್ತಪ್ಪಾ, ನೀವೇ ಮಣ್ಣು ಹಾಕಿ ಬಂದ್ರಲ್ಲ. ಹಾಗಂತ ಸುದ್ದಿ ಹಬ್ಬಿಸಿದಾನೆ, ಕಳ್ಳ. ನಾನು ಕೂದಲು ಸರಿ ಮಾಡಿಕೊಳ್ಳುವ ಹಾಗೆ ಓರೆಯಾಗಿ ನೋಡಿದೆ, ಹಿಂದಿನ ಸಾಲಿನಲ್ಲಿ ಹುಲ್ಲಿನ ಟೋಪಿಯ ಒಬ್ಬ, ಮೂವತ್ತೂ ಆಗಿರಲಿಕ್ಕಿಲ್ಲ, ಕೆಂಪು ಗಡ್ಡ, ಡೆಲ್ಬರ್ಟ್‌ನಿಗೂ ಕೆಂಪು ಗಡ್ಡವಿತ್ತು, ಇವನ ತೊಡೆಯ ಮೇಲೆ ಪುಟ್ಟ ಹುಡುಗಿ, ಗುಲಾಬಿ ಬಣ್ಣದ ಬೂಟು, ಅಪ್ಪನ ಬೆನ್ನಿಗೆ ಡಬಡಬ ಬಡಿಯುತ್ತಿರುವುದು ಆ ಗುಲಾಬಿ ಬೂಟು, ಬಾಯಿ ತುಂಬ ಸಕ್ಕರೆ ಪುಡಿ, ಮಗು ನನ್ನ ನೋಡಿ ನಕ್ಕಿತು, ನಗಬೇಡ ಕಂದ, ಕಾಲಾಡಿಸಬೇಡ, ಸುಮ್ಮನಿರು ಪುಟ್ಟಾ ಅಂತ ಕಣ್ಣಿನಲ್ಲೇ ಬೇಡಿಕೊಂಡೆ, ಮಕ್ಕಳಿಗೆ ಅದೆಲ್ಲ ಆಟ, ಇನ್ನೂ ಜೋರಾಗಿ ಬಡಿಯಿತು, ಆಗ ಆ ಕೆಂಪು ಗಡ್ಡದ ಹುಡುಗ ಬಗ್ಗಿದ, ಬಗ್ಗಿ ಕೈ ಚಾಚಿದ, ಬೇಡ, ಮುಟ್ಟಬೇಡ, ಹಿಂದಿನಿಂದ ಅಪ್ಪನ ಭುಜ ತಟ್ಟಿದ.

ಬಲಗೈ ಕೋಟಿನೊಳಗೆ ಹೋದದ್ದನ್ನು ನಾನು ನೋಡಲೇ ಇಲ್ಲ, ಹೋಗಿತ್ತು. ಊಟದ ಚಮಚ ಬಾಯಿಗೆ ಮುಟ್ಟಿಸಲು ತಡಕಾಡುವ ಕೈ, ಗುಂಡಿ ಹಾಕಲು ಬಾರದ ಕೈ, ಇದೊಂದನ್ನು ಮರೆತಿಲ್ಲ. ನಾನು ಜೋರಾಗಿ ನಕ್ಕೆ, ಯಾರ ನಗುವೋ ಅನ್ನಿಸಿತು, ಅಯ್ಯೋ ಅವರನ್ನ ಹಿಂದಿನಿಂದ ಮುಟ್ಟಬಾರದಪ್ಪಾ, ಕಿವಿ ಮಂದ, ಬೆಚ್ಚಿಬೀಳ್ತಾರೆ, ಏನು ಬೇಕು ನನ್ನ ಕೇಳು. ಹುಡುಗ ಪಾಪ ನಾಚಿಕೊಂಡ, ಬೇಜಾರಾಗ್ಬೇಡೀಮ್ಮಾ, ತಾತನ ಟೋಪಿ ಎತ್ತರ ಇದೆ, ನನ್ನ ಮಗಳಿಗೆ ಹೋರಿ ಕಾಣ್ತಿಲ್ಲ ಅಂತ ಗಲಾಟೆ ಮಾಡ್ತಾಳೆ. ಅಪ್ಪ ಅರ್ಧ ತಿರುಗಿದರು, ಮಗುವನ್ನು ನೋಡಿದರು, ಎಡಗೈಯಿಂದ ಟೋಪಿ ತೆಗೆದರು, ಹೆಣ್ಣುಮಕ್ಕಳ ಎದುರು ಟೋಪಿ ತೆಗೆಯದವರಲ್ಲ ಎಂದೂ, ಮೊಣಕಾಲ ಮೇಲೆ ಕವುಚಿಟ್ಟರು, ಸದ್ಯ, ಮುಗಿಯಿತು ಅಂದುಕೊಂಡೆ, ಉಸಿರು ಬಿಟ್ಟೆ, ಆಮೇಲೆ ಕಂಡದ್ದು ಬಲಗೈ ಟೋಪಿಯ ಕೆಳಗಿದೆ. ಬರಿಗೈ ಇದ್ದರೆ ಟೋಪಿ ಹಾಗೆ ಎದ್ದು ನಿಲ್ಲುವುದಿಲ್ಲ. ಅಪ್ಪ ಪಕ್ಕಕ್ಕೆ ತಿರುಗಿಯೇ ಕೂತಿದ್ದಾರೆ, ಟೋಪಿಯ ಅಂಚು ಹಿಂದಿನ ಸಾಲಿನ ಕಡೆ ಒಂದಿಷ್ಟು ಮೇಲೆದ್ದಿದೆ, ಬಾಯಿ ತೆರೆದ ಹಾಗೆ, ಆ ಬಾಯಿಯ ಎದುರಿಗೆ ಗುಲಾಬಿ ಬೂಟು, ಎಡದ್ದು, ಬಲದ್ದು, ಎಡದ್ದು. ಅಪ್ಪಾ, ಮನೆಗೆ ಹೋಗೋಣ, ನಂಗೆ ತಲೆ ನೋಯ್ತಿದೆ. ಅವರು ನನ್ನನ್ನು ನೋಡಿದ ರೀತಿ – ಸಭ್ಯವಾಗಿ, ಬೀದಿಯಲ್ಲಿ ದಾರಿ ತಪ್ಪಿದ ಹೆಂಗಸನ್ನು ನೋಡುವ ಹಾಗೆ – ಯಾರ ಜೊತೆ ಬಂದಿದೀರ ಮೇಡಂ, ಹೆದರ್ಕೋಬೇಡಿ, ನಾನು ಹೇಳಿದ ತಕ್ಷಣ ನೆಲಕ್ಕೆ ಮಲಗ್ಬಿಡಿ.

ಕೂಗಿದರೆ? ಬಾಗಿಲಲ್ಲಿ ಕಾವಲಿನವನಿದ್ದಾನೆ, ಅವನ ಸೊಂಟದಲ್ಲೂ ಅದೇ, ಮುಂದಿನ ಸಾಲಿನ ದಪ್ಪಗಿನವನ ಅಂಗಿ ಇಳಿಬಿದ್ದಿದೆ, ಅವನ ಪಕ್ಕದ ಹೆಂಗಸಿನ ಚೀಲ ಸದಾ ಎದೆಗೇ ಅವಚಿದೆ, ಬಂದೂಕು ಎಂಬ ಒಂದು ಮಾತು ನನ್ನ ಬಾಯಿಂದ ಬಿದ್ದರೆ ಎಷ್ಟು ಕೈ ಎಷ್ಟು ಅಂಗಿಯೊಳಗೆ ಹೋದಾವು, ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ಲೈಸೆನ್ಸು, ಎಲ್ಲರೂ ಜೀವ ಉಳಿಸಲು ಕಾಯುತ್ತಿರುವವರೇ, ಅವರ ಕಣ್ಣಿಗೆ ಅಪ್ಪ ಏನಾಗಿ ಕಂಡಾರು. ಮಣಿಕಟ್ಟು ಹಿಡಿದರೆ ಬೆರಳು ಎಳೆದೀತು. ಹಿಂದಿನವನಿಗೆ ಹೇಳಿದರೆ, ಏಳಪ್ಪಾ, ಮಗು ಎತ್ಕೊಂಡು ಹೊರಟುಹೋಗು ಅಂದರೆ, ಅವನು ಧಡಕ್ಕನೆ ಎದ್ದರೆ ಅಪ್ಪನಿಗೆ ಡೆಲ್ಬರ್ಟ್ ಎದ್ದ ಹಾಗೆ. ಮಗಳಾಗಿ ನನ್ನ ಮಾತು ನಡೆಯುವುದಿಲ್ಲ, ಈಗ ನಾನು ಮಗಳೇ ಅಲ್ಲ, ಹಾಗಾದರೆ ಯಾರ ಮಾತು ನಡೆಯುತ್ತದೆ, ಇವರು ಯಾರ ಮಾತಿಗೆ ಇದನ್ನು ಕೆಳಗಿಟ್ಟದ್ದುಂಟು, ಅಮ್ಮನ ಮಾತಿಗೂ ಇಲ್ಲ, ಪಾದ್ರಿಯ ಮಾತಿಗೂ ಇಲ್ಲ, ಇಗರ್ಜಿಗೂ ಕಟ್ಟಿಕೊಂಡೇ ಬರುತ್ತಿದ್ದರು – ಜೈಲು. ಜೈಲಿನ ಬಾಗಿಲು. ಒಳಗೆ ಹೋಗುವ ಯಾವ ಅಧಿಕಾರಿಯೂ ಬಂದೂಕು ಒಯ್ಯುವ ಹಾಗಿರಲಿಲ್ಲ, ಗೋಡೆಯಲ್ಲಿ ಉಕ್ಕಿನ ಪುಟ್ಟ ಪುಟ್ಟ ಪೆಟ್ಟಿಗೆಗಳು, ಬಂದೂಕು ಒಳಗಿಟ್ಟು ಬೀಗ ಹಾಕಲು, ಅಮ್ಮ ಕಟ್ಟಿಕೊಟ್ಟ ಊಟ ತಲುಪಿಸಲು ಹೋದಾಗ ನೋಡಿದ್ದೇನೆ, ಗಾಜಿನಾಚೆ ಜೈಲು ನೋಡಿಕೊಳ್ಳುವ ವಿಲ್ಲೊಡೀನ್, ಸಿಗರೇಟಿನ ಗಂಟಲು, ಶೆರಿಫ್‌ನನ್ನೂ ಗದರಿಸುವ ಹೆಂಗಸು, ಅವಳ ಮಾತು ದಿನಾ ಒಂದೇ. ನನ್ನ ಗಂಟಲು ಒಣಗಿದೆ, ಅವಳ ಧ್ವನಿ ತೆಗೆಯಲು ಒಣಗಿದ್ದೇ ಒಳ್ಳೆಯದು, ನಾನು ಚೀಲದ ಬಾಯಿ ತೆರೆದು ತೊಡೆಯ ಮೇಲಿಟ್ಟುಕೊಂಡು ಅವರ ಕಡೆ ನೋಡದೆ, ಬೇಸರದಲ್ಲಿ, ಎಲ್ಲರಿಗೂ ಹೇಳುವ ಹಾಗೆ ಹೇಳಿದೆ, ಏನಪ್ಪಾ ಥರ್ಮನ್, ಕಬ್ಬಿಣ ಪೆಟ್ಟಿಗೆಗೆ, ನಗು ಒಳಕ್ಕೆ.

ಟೋಪಿ ಅಲ್ಲಾಡಲಿಲ್ಲ. ಅಪ್ಪನ ಕಣ್ಣು ನನ್ನ ಮುಖದ ಮೇಲೆ ಏನೋ ಹುಡುಕುತ್ತಿದೆ, ವಿಲ್ಲೊಡೀನಾ? ಮತ್ತಿನ್ಯಾರು, ನಿಮ್ಮತ್ತೇನಾ, ಬೇಗ ಬೇಗ, ಸಾಲು ನಿಂತಿದೆ. ಡೆಲ್ಬರ್ಟ್ ಹೊರಗಿದಾನಲ್ಲ, ಇಲ್ಲೇ ಹಿಂದೆ. ಅವನನ್ನ ಒಳಗೆ ಹಾಕಿ ಆಯ್ತು ಕಣೋ, ನೀನೇ ತಾನೆ ತಂದಿದ್ದು, ಕೂತ್ಕೊಂಡು ಹುರುಳಿಕಾಯಿ ಬೆಂದಿಲ್ಲ ಅಂತ ನಂಗೆ ಬೈತಿದಾನೆ. ಅಪ್ಪನ ತುಟಿಯ ತುದಿಯಲ್ಲಿ ನಗು ಎದ್ದಿತು, ಬೈಯ್ಲಿ ಬಿಡು, ನಿನ್ನ ಅಡಿಗೆ ತಿಂದು ಚಾಕು ಹಾಕ್ದೆ ಇದಾನಲ್ಲ ಅದೇ ದೊಡ್ಡದು – ಅಷ್ಟರಲ್ಲಿ ಕೆಳಗೆ ಗೇಟು ಧಡಾರೆಂದು ತೆರೆಯಿತು, ಹೋರಿ ಗಾಳಿಗೆ ಎದ್ದಿತು, ಇಡೀ ಜನಸಂದಣಿ ಒಮ್ಮೆಲೇ ಎದ್ದು ನಿಂತಿತು, ಬೂಟುಗಳ ಗುಡುಗು, ಹಿಂದೆ ಮಗು ಕಿರುಚಿತು, ಅಪ್ಪನ ಮೈ ಬಿಗಿಯಿತು, ಟೋಪಿ ಒಂದು ಅಂಗುಲ ಮೇಲಕ್ಕೆ, ನಾನು ಕೂತೇ ಇದ್ದೆ, ಎಲ್ಲರೂ ನಿಂತ ಕಾಡಿನಲ್ಲಿ ನಾವಿಬ್ಬರೇ ಕೂತವರು, ಸುತ್ತ ಸೊಂಟಗಳು, ಬೆಲ್ಟುಗಳು, ನಾನು ಧ್ವನಿ ಏರಿಸಲಿಲ್ಲ, ಚೀಲದ ಬಾಯಿ ಇನ್ನಷ್ಟು ಅಗಲಿಸಿ ಹಿಡಿದೆ, ಪೆಟ್ಟಿಗೆ ತೆಗ್ದೇ ಇದೆ ಥರ್ಮನ್, ನಿನಗೊಬ್ಬನಿಗೆ ಬೇರೆ ನಿಯಮ ಇಲ್ಲ. ಇಲ್ಲ, ಇಲ್ಲ, ನಿಯಮ ನಿಯಮವೇ, ಅಂದರು ಅಪ್ಪ, ಸ್ವಲ್ಪ ನೊಂದುಕೊಂಡು. ಟೋಪಿಯ ಮರೆಯಲ್ಲೇ ಕೈ ಬಂತು, ಬೆರಳು ಟ್ರಿಗರಿನಿಂದ ಬಿಟ್ಟು ನೆಟ್ಟಗಿತ್ತು, ನಳಿಗೆ ನೆಲದ ಕಡೆ, ಹೇಗೆ ಇಡಬೇಕೋ ಹಾಗೆ, ನನ್ನ ಕರವಸ್ತ್ರ, ಬಾಚಣಿಗೆಗಳ ಮೇಲೆ ಮೆತ್ತಗೆ ಇಟ್ಟರು, ಚೀಲ ತೊಡೆಯ ಮೇಲೆ ಕುಸಿಯಿತು, ಜಿಪ್ಪು ಎಳೆದೆ, ಎರಡು ಸಲ ಸಿಕ್ಕಿಕೊಂಡಿತು, ಎಳೆದೆ.

ಸವಾರ ಮಣ್ಣಿನಿಂದೆದ್ದು ಕುಂಟುತ್ತ ಟೋಪಿ ಬೀಸಿದ, ಚಪ್ಪಾಳೆ, ಎಲ್ಲರೂ ಕೂತರು. ತಾತಾ, ನೋಡಿದ್ರಾ, ಹೆಂಗೆ ಎಸೆದ್ಬಿಡ್ತು, ಹಿಂದಿನ ಹುಡುಗ ಖುಷಿಯಲ್ಲಿ ಕೂಗುತ್ತಾನೆ, ಅವನಿಗೆ ಏನೂ ಗೊತ್ತಿಲ್ಲ, ಮಗಳ ಬಾಯಿಯ ಸಕ್ಕರೆ ಒರೆಸುತ್ತಿದ್ದಾನೆ, ಅವನಿಗೆ ಎಂದೂ ಗೊತ್ತಾಗುವುದಿಲ್ಲ, ರಾತ್ರಿ ಮಗುವಿನ ಬೂಟು ಬಿಚ್ಚಿ ಮೂಲೆಗೆ ಎಸೆದು ಮಲಗುತ್ತಾನೆ. ನನ್ನ ಅಂಗಿ ಬೆನ್ನಿಗೆ ಅಂಟಿದೆ. ಗೆದ್ದೆ, ಅಮ್ಮಾ, ಗೆದ್ದೆ, ನಾಳೆಯೇ ಇದು ಹೋಗುತ್ತದೆ, ಕ್ಲೀಟಸ್‌ನ ಕಪಾಟಿಗಲ್ಲ, ಯಾರ ಕಪಾಟಿಗೂ ಅಲ್ಲ, ಇನ್ನು ಎಂದೂ – ಅಪ್ಪ ನನ್ನ ಕಡೆ ತಿರುಗಿದ್ದಾರೆ. ಬಲಗೈ ಚಾಚಿದ್ದಾರೆ. ಅಂಗೈ ಮೇಲಕ್ಕೆ, ಬೆರಳು ಸ್ವಲ್ಪ ಮಡಚಿ, ಬರಿದಾದ ಅಂಗೈ. ಏನೋ ಆಯಿತು ನನಗೆ, ಈ ಬಲಗೈಯನ್ನು ಹುಟ್ಟಿದಾಗಿನಿಂದ ಒಮ್ಮೆಯೂ ಹಿಡಿದಿರಲಿಲ್ಲ, ಅದರೊಳಗೆ ನನ್ನ ಕೈ ಇಟ್ಟೆ, ಬೆಚ್ಚಗಿತ್ತು, ಒರಟಾಗಿತ್ತು. ಅವರು ನಾಜೂಕಾಗಿ ಅದನ್ನು ಎತ್ತಿ ನನ್ನ ಮಡಿಲಿಗೇ ವಾಪಸು ಇಟ್ಟರು. ಕೈ ಅಲ್ಲಮ್ಮ ವಿಲ್ಲೊಡೀನ್, ಬೀಗದ ಕೈ. ಪೆಟ್ಟಿಗೆ ಬೀಗದ ಕೈ ಕೊಡು, ಹೊರಗೆ ಹೋಗುವಾಗ ತಗೋಬೇಕಲ್ಲ. ಕೊಡ್ತೀನಿ ಥರ್ಮನ್, ಆಮೇಲೆ ಕೊಡ್ತೀನಿ. ಪರವಾಗಿಲ್ಲ, ಕಾಯ್ತೀನಿ, ಅಂದರು, ಅವಸರವಿಲ್ಲ. ಇನ್ನೊಂದು ಹೋರಿಯ ಹೆಸರು ಕೂಗುತ್ತಿದ್ದಾರೆ, ಜನ ನಗುತ್ತಿದ್ದಾರೆ, ಅಪ್ಪ ಅತ್ತ ನೋಡುತ್ತಿಲ್ಲ, ಅಪ್ಪ ನನ್ನನ್ನೇ ನೋಡುತ್ತಿದ್ದಾರೆ, ನಂಬಿಕೆಯಿಂದ, ಕೆಲಸ ಮುಗಿಸಿ ಮನೆಗೆ ಹೊರಟವರ ಹಾಗೆ, ಮತ್ತು ಅಂಗೈ, ಚಾಚಿದ ಅಂಗೈ, ನಮ್ಮಿಬ್ಬರ ನಡುವೆ, ಮೇಲಕ್ಕೆ ತೆರೆದು, ಅಂಗೈ.