ರೈಲು ಬಳಿದ ಗೋಡೆ

ಗೇಟಿನ ಬೀಗ ತೆಗೆದು ಒಳಗೆ ಕಾಲಿಟ್ಟ ಗಿರಿಜಾದೇವಿ ಎಂದಿನಂತೆ ಮೊದಲು ಗೋಡೆಯ ಕಡೆ ನೋಡಿದಳು. ಶನಿವಾರ ಮಧ್ಯಾಹ್ನ ಬಿಟ್ಟುಹೋಗಿದ್ದ ಗೋಡೆ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒಂದು ನೀಲಿ ರೈಲು ನಿಂತಿತ್ತು. ಕಿಟಕಿಗಳಿಗೆ ಹಳದಿ ಅಂಚು, ಕೆಳಗೆ ಸಾಲಾಗಿ ಕಪ್ಪು ಗಾಲಿಗಳು, ಮೇಲೆ ದುಂಡು ಅಕ್ಷರದಲ್ಲಿ ‘ಜ್ಞಾನ ಎಕ್ಸ್‌ಪ್ರೆಸ್’. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ.

ಬೇರೆ ಯಾವ ದಿನವಾಗಿದ್ದರೂ ಅವಳು ಖುಷಿಪಡುತ್ತಿದ್ದಳು, ಮಕ್ಕಳನ್ನು ನಿಲ್ಲಿಸಿ ಫೋಟೋ ಕೂಡ ತೆಗೆಸುತ್ತಿದ್ದಳು. ಇವತ್ತು ಬ್ಯಾಗನ್ನು ಜಗಲಿಯ ಮೇಲೆ ಎಸೆದು ನಾಲ್ಕನೇ ತರಗತಿಯೊಳಗೆ ಓಡಿದಳು. ಅದೇ ಗೋಡೆಯ ಒಳಮೈಯಲ್ಲೂ ಅದೇ ಕತೆ. ತೊಲೆಯ ಮೂಲೆಯಿಂದ ಕಿಟಕಿಯ ತನಕ ಓರೆಯಾಗಿ ಇಳಿದಿದ್ದ ಬಿರುಕು ಮಾಯವಾಗಿ, ಗೋಡೆ ಮದುವೆ ಮನೆಯದರ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಬಿರುಕು ಎಲ್ಲಿಯವರೆಗೆ ಇಳಿದಿದೆ ಎಂದು ಅವಳು ತಿಂಗಳಿಗೊಮ್ಮೆ ಸ್ಟೂಲು ಹತ್ತಿ ಸೀಮೆಸುಣ್ಣದಿಂದ ಗೆರೆ ಹಾಕಿ, ಪಕ್ಕದಲ್ಲಿ ತಾರೀಖು ಬರೆದಿಡುತ್ತಿದ್ದಳು. ಮೂರು ವರ್ಷದ ಆ ಗೆರೆಗಳೂ ಹೋಗಿದ್ದವು.

ಉತ್ತರಹಳ್ಳಿ ರಸ್ತೆಯಿಂದ ಒಳಕ್ಕೆ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೇ ಊರಿನಲ್ಲಿ ಈ ಸರ್ಕಾರಿ ಶಾಲೆಗೆ ಹೊನ್ನೇಮರದ ಶಾಲೆ ಎಂದೇ ಹೆಸರು. ಗಿರಿಜಾದೇವಿ ಇಲ್ಲಿಗೆ ಮುಖ್ಯ ಶಿಕ್ಷಕಿಯಾಗಿ ಬಂದು ಹನ್ನೊಂದು ವರ್ಷ. ಬಿರುಕಿನ ಬಗ್ಗೆ ಮೂರು ವರ್ಷದಲ್ಲಿ ಹದಿನೇಳು ಅರ್ಜಿ ಬರೆದಿದ್ದಳು. ಉತ್ತರ ಬಂದಾಗಲೆಲ್ಲ ಒಂದೇ: ಸದ್ಯ ಅನುದಾನವಿಲ್ಲ, ಸ್ಥಳೀಯ ದಾನಿಗಳನ್ನು ಸಂಪರ್ಕಿಸುವುದು. ದಾನಿಗಳನ್ನು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಶೌಚಾಲಯ ಅಪಾರ್ಟ್‌ಮೆಂಟಿನವರದು, ನೀರಿನ ಫಿಲ್ಟರ್ ಒಂದು ಕಂಪನಿಯದು, ಬೆಂಚುಗಳು ಯಾರೋ ತೀರಿಹೋದವರ ನೆನಪಿನದು. ಎತ್ತ ತಿರುಗಿದರೂ ಒಂದೊಂದು ಹೆಸರಿನ ಫಲಕ. ಕಟ್ಟಡ ಬಿಟ್ಟರೆ ಸರ್ಕಾರದ್ದು ಎಂದು ಹೇಳಿಕೊಳ್ಳಲು ಉಳಿದಿದ್ದು ಗೇಟಿನ ಮೇಲಿನ ಬೋರ್ಡು ಮತ್ತು ಅವಳ ಸಂಬಳ.

ಹದಿನೇಳನೇ ಅರ್ಜಿಯಲ್ಲಿ ಮಾತ್ರ ಅವಳು ಗಟ್ಟಿಯಾಗಿ ಬರೆದಿದ್ದಳು: ಇನ್ನು ಯಾರ ಮುಂದೆಯೂ ಕೈಚಾಚುವುದಿಲ್ಲ, ಮಕ್ಕಳ ತಲೆಯ ಮೇಲಿನ ಸೂರು ಸರ್ಕಾರದ ಹೊಣೆ. ಅದು ಯಾರಿಗೆ ಚುರುಕು ಮುಟ್ಟಿಸಿತೋ, ಇವತ್ತು ಇಂಜಿನಿಯರ್ ಬರುತ್ತಾನೆಂದು ಫೋನ್ ಬಂದಿತ್ತು. ಈ ವರ್ಷದ ಹೊಸ ಕೊಠಡಿಗಳ ಪಟ್ಟಿ ಇವತ್ತು ಸಂಜೆ ಐದಕ್ಕೆ ಮುಚ್ಚುತ್ತದೆ. ಗೋಡೆ ಅಪಾಯಕಾರಿ ಎಂದು ಅವನು ಬರೆದರೆ ಉಂಟು, ಇಲ್ಲದಿದ್ದರೆ ಮುಂದಿನ ವರ್ಷ. ಈ ಮಳೆಗಾಲವನ್ನೇ ಗೋಡೆ ದಾಟುವುದೋ ಇಲ್ಲವೋ ಎಂಬ ಭಯದಲ್ಲಿ ಅವಳಿಗೆ ವಾರದಿಂದ ನಿದ್ದೆ ಇರಲಿಲ್ಲ.

“ಎಂಗೈತೆ ಮೇಡಂ ನಮ್ ರೈಲು?”

ಬಾಗಿಲಲ್ಲಿ ಬೈರಣ್ಣ ನಿಂತಿದ್ದ. ಶಾಲೆಗೆ ಜಾಗ ಬಿಟ್ಟುಕೊಟ್ಟಿದ್ದು ಅವನ ಅಪ್ಪ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬೈರಣ್ಣನ ಬಾಡಿಗೆ ಮನೆಗಳು, ಎರಡು ಪಿಜಿ ಕಟ್ಟಡಗಳು. ಶಾಲೆಯ ಇನ್ನೊಂದು ಬೀಗದ ಕೈ ಯಾವಾಗಲೂ ಅವನ ಹತ್ತಿರವೇ.

“ಬನಶಂಕರಿಯಿಂದ ಪೇಂಟರ್ ಕರ್ಸಿದ್ದೆ. ಭಾನುವಾರ ಪೂರ್ತಿ ಇಲ್ಲೇ ನಿಂತಿದ್ದೆ.”

“ಬಿರುಕು ಎಲ್ಲಿ ಬೈರಣ್ಣನೋರೆ?”

“ಸಿಮೆಂಟ್ ಮೆತ್ತಿ, ಪುಟ್ಟಿ ಎಳ್ಸಿ, ಎರಡು ಕೋಟ್ ಹೊಡ್ಸಿದೀನಿ. ಹುಡುಕಿದ್ರೂ ಸಿಗಾಕಿಲ್ಲ.”

“ಆ ಬಿರುಕು ನೋಡೋಕೇ ಅಲ್ವಾ ಇಂಜಿನಿಯರ್ ಬರ್ತಿರೋದು?”

“ಗೊತ್ತು. ಅದಕ್ಕೇ ಮಾಡ್ಸಿದ್ದು.” ಬೈರಣ್ಣನಿಗೆ ಅವಳ ದಡ್ಡತನ ಕಂಡು ಆಶ್ಚರ್ಯ. “ಒಡೆದ ಗೋಡೆ ತೋರ್ಸಿ ಊರಿನ ಮಾನ ಕಳೀಬೇಕಾ ಮೇಡಂ? ಸಾಹೇಬ್ರು ಖುಷಿಯಾಗಿ ಹೋದ್ರೆ ಕೆಲಸ ತಾನಾಗೇ ಆಗುತ್ತೆ ಅಂತ ಹನ್ನೊಂದು ವರ್ಷದಿಂದ ನಂಗೆ ಹೇಳ್ಕೊಟ್ಟಿರೋರು ಯಾರು? ನೀವೇ ತಾನೆ?”

ನಿಜ, ಅವಳೇ. ಯಾವ ಅಧಿಕಾರಿ ಬರುತ್ತಾರೆಂದರೂ ಮೊದಲ ಫೋನು ಬೈರಣ್ಣನಿಗೆ. ಸುಣ್ಣ, ಮಾವಿನ ತೋರಣ, ಗೇಟಿನಿಂದ ರಂಗೋಲಿ, ಎಳನೀರು. ಬಂದವರು ‘ಶಾಲೆ ತುಂಬಾ ಚೆನ್ನಾಗಿಟ್ಟಿದ್ದೀರಿ’ ಎಂದು ಭೇಟಿ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಇಷ್ಟು ಚೆನ್ನಾಗಿರುವ ಶಾಲೆಗೆ ಯಾರಾದರೂ ಯಾಕೆ ಅನುದಾನ ಕೊಡುತ್ತಾರೆ ಎಂಬುದು ಈ ಹನ್ನೊಂದು ವರ್ಷದಲ್ಲಿ ಅವಳ ತಲೆಗೆ ಹೊಳೆದೇ ಇರಲಿಲ್ಲ.

ಪುಟ್ಟಿ ಕೆರೆಸೋಣವೆಂದರೆ ಪೇಂಟರು ಸಿಗುವ ಹೊತ್ತಲ್ಲ. ಪ್ರಾರ್ಥನೆ ಮುಗಿದು, ನಾಲ್ಕನೇ ತರಗತಿಯ ಮೂವತ್ತೊಂದು ಮಕ್ಕಳು ಹೊಸ ಬಣ್ಣದ ವಾಸನೆಗೆ ಮೂಗು ಮುಚ್ಚಿಕೊಂಡು ಒಳಗೆ ಕುಳಿತರು. ಗಿರಿಜಾದೇವಿ ಬಾಗಿಲಲ್ಲೇ ನಿಂತು ಒಮ್ಮೆ ಗೋಡೆ, ಒಮ್ಮೆ ಮಕ್ಕಳ ತಲೆಗಳನ್ನು ನೋಡುತ್ತಿದ್ದಳು. ಮೊದಲಾದರೆ ಬಿರುಕು ಎಲ್ಲಿಗೆ ಬಂದಿದೆ ಎಂದಾದರೂ ಗೊತ್ತಾಗುತ್ತಿತ್ತು. ಈಗ ಅದೂ ಇಲ್ಲ. ಆಕಾಶ ಕಪ್ಪಾಗುತ್ತಿತ್ತು.

ಇಂಜಿನಿಯರ್ ಶಶಿಕಾಂತ್ ಹತ್ತೂವರೆಗೆ ಬೈಕಿನಲ್ಲಿ ಬಂದ. ಮೂವತ್ತು ದಾಟದ ಹುಡುಗ, ಮೈಯೆಲ್ಲ ಅವಸರ. ಬೈರಣ್ಣ ಅವನನ್ನು ಗೇಟಿನಲ್ಲೇ ಹಿಡಿದು, ಸೀದಾ ಆಫೀಸು ಕೋಣೆಗೆ ಕರೆದೊಯ್ದು, ಬಿಳಿ ಟರ್ಕಿ ಟವೆಲ್ ಹೊದಿಸಿದ ಕುರ್ಚಿಯಲ್ಲಿ ಕೂರಿಸಿದ. ಫ್ಯಾನು ಹಾಕಿದ, ಎಳನೀರು ಕೊಟ್ಟ. ಶಶಿಕಾಂತ್ ಅರ್ಧ ಕುಡಿದು ಎದ್ದ.

“ಗೋಡೆ ತೋರ್ಸಿ ಮೇಡಂ. ಇನ್ನೂ ಏಳು ಶಾಲೆ ಇದೆ.”

ಗಿರಿಜಾದೇವಿ ಮೊದಲು ಹೇಮಶ್ರೀಗೆ ಸನ್ನೆ ಮಾಡಿದಳು. ಅತಿಥಿ ಶಿಕ್ಷಕಿಯಾಗಿ ಸೇರಿ ಒಂದೇ ವರ್ಷವಾಗಿದ್ದ ಹೇಮಶ್ರೀ ಮಕ್ಕಳನ್ನು ಸಾಲಾಗಿ ಹೊರಡಿಸಿ ಅಂಗಳದಾಚೆಯ ಹೊನ್ನೇಮರದ ಕೆಳಗೆ ಕೂರಿಸಿದಳು. ಕೊಠಡಿ ಖಾಲಿಯಾಯಿತು.

ಶಶಿಕಾಂತ್ ಗೋಡೆಯ ಮೇಲೆ ಅಂಗೈ ಆಡಿಸಿದ. “ಚೆನ್ನಾಗೇ ಇದೆಯಲ್ಲ ಮೇಡಂ.”

“ಅದು ಮೇಲೆ ಮೆತ್ತಿರೋದು ಸಾರ್. ಒಳಗೆ ಬಿರುಕಿದೆ. ನನ್ನ ಫೋನಲ್ಲಿ ಫೋಟೋ ಇದೆ, ನೋಡಿ.”

“ಅದು ನಡೆಯಲ್ಲ. ಇಲ್ಲೇ ನಿಂತು, ಈಗ ತೆಗೆದ ಫೋಟೋ ಮಾತ್ರ ತಗೊಳುತ್ತೆ ಈ ಆ್ಯಪು.” ಅವನು ಫೋನು ತಿರುಗಿಸಿ ತೋರಿಸಿದ. “ಇಂಥ ಗೋಡೆ ಫೋಟೋ ಹಾಕಿ ಅಪಾಯ ಅಂತ ಬರೆದ್ರೆ ಮೇಲಿನವರು ನನ್ನ ಮುಖಕ್ಕೆ ಉಗೀತಾರೆ.”

“ಮೂವತ್ತೊಂದು ಮಕ್ಕಳು ಕೂರೋ ರೂಮು ಸಾರ್.”

“ನಂಗೆ ಕಾಣೋದನ್ನ ಬರೀಬೇಕಲ್ವಾ ಮೇಡಂ?”

ಮಾತು ಕೆಡುತ್ತಿದೆ ಎಂದು ಬೈರಣ್ಣನಿಗೆ ತಿಳಿಯಿತು. ತಾನು ಮಾಡಿಸಿದ್ದು ಉಲ್ಟಾ ಹೊಡೆಯಿತೆಂಬುದೂ ತಿಳಿದಿರಬೇಕು. ಪಾಪ, ಸರಿಮಾಡಲು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ.

“ಒಂದು ರೂಮ್ ತಾನೆ ಸಾರ್? ನಾನೇ ಕಟ್ಟಿಸ್ತೀನಿ ಬಿಡಿ. ನಮ್ಮವ್ವ ಮರಿಯಮ್ಮನ ಹೆಸರಲ್ಲಿ.”

ಶಶಿಕಾಂತನ ಮುಖ ಅರಳಿತು. “ಹಂಗಾದ್ರೆ ಇನ್ನೂ ಸುಲಭ. ‘ದಾನಿ ಲಭ್ಯ’ ಅಂತ ಹಾಕ್ಬಿಡ್ತೀನಿ. ಪಟ್ಟಿಯಿಂದ ನಿಮ್ಮ ಶಾಲೆ ತೆಗೀಬಹುದು.” ಅವನ ಹೆಬ್ಬೆರಳು ಫೋನಿನ ಮೇಲೆ ಇಳಿಯತೊಡಗಿತು.

ಗಿರಿಜಾದೇವಿಯ ಕಣ್ಣು ಕಿಟಕಿಯಾಚೆ ಹೋಯಿತು. ನಾಲ್ಕು ವರ್ಷದ ಹಿಂದೆ ಇದೇ ದನಿಯಲ್ಲಿ ಬೈರಣ್ಣ ಕಾಂಪೌಂಡ್ ಕಟ್ಟಿಸುತ್ತೇನೆಂದಿದ್ದ. ಎರಡನೇ ಪಿಜಿಯ ಕೆಲಸ ಶುರುವಾದಾಗ ಅದು ಸೊಂಟದ ಎತ್ತರಕ್ಕೆ ನಿಂತಿತ್ತು, ಇವತ್ತಿಗೂ ಅಷ್ಟೇ ಎತ್ತರ. ಅವನು ಕೆಟ್ಟವನಲ್ಲ. ಕೊಡುವವನು ಮನಸ್ಸು ಬಂದಾಗ ಕೊಡುತ್ತಾನೆ, ಕೈ ಬಿಗಿಯಾದಾಗ ನಿಲ್ಲಿಸುತ್ತಾನೆ, ಯಾಕೆ ನಿಲ್ಲಿಸಿದೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಸರ್ಕಾರವನ್ನಾದರೆ ಕೇಳಬಹುದು. ಹದಿನೇಳು ಸಲ ಕೇಳಬಹುದು, ಹದಿನೆಂಟನೇ ಸಲವೂ ಕೇಳಬಹುದು.

“ಹಾಕ್ಬೇಡಿ ಸಾರ್.”

ಇಬ್ಬರೂ ತಿರುಗಿ ನೋಡಿದರು.

“ಮೇಡಂ, ನಾನು ಕೊಡ್ತೀನಿ ಅಂತಿದೀನಿ,” ಎಂದ ಬೈರಣ್ಣ.

“ನೀವು ಕೊಟ್ಟಿರೋದೇ ಜಾಸ್ತಿ ಬೈರಣ್ಣನೋರೆ, ಸಾಕು. ಮಕ್ಕಳನ್ನ ಶಾಲೆಗೆ ಕಳಿಸ್ಲೇಬೇಕು ಅಂತ ಕಾನೂನು ಮಾಡಿದ್ದು ನೀವಲ್ಲ, ಸರ್ಕಾರ. ಕರೆಸ್ಕೊಂಡ ಮೇಲೆ ಕೂರಿಸೋಕೆ ಜಾಗ ಕೊಡೋದೂ ಅವರ ಕೆಲಸವೇ.”

ಬೈರಣ್ಣನ ಮುಖ ಕಪ್ಪಿಟ್ಟಿತು. ಅಪ್ಪನ ಕಾಲದಿಂದ ಆ ಅಂಗಳದಲ್ಲಿ ಅವನ ಮನೆಯವರಿಗೆ ಬೇಡ ಎಂದವರಿರಲಿಲ್ಲ.

“ಆಯ್ತು ಮೇಡಂ,” ಎಂದ ಶಶಿಕಾಂತ್, ದನಿ ಬಿಗಿಯಾಗಿತ್ತು. “ದಾನಿ ಬೇಡ. ಹಾಗಾದ್ರೆ ‘ಕಟ್ಟಡ ಸುಸ್ಥಿತಿಯಲ್ಲಿದೆ’ ಅಂತ ಹಾಕಿ ಹೊರಡ್ತೀನಿ.”

ಅವಳು ಹೊರಗೆ ಹೋದಳು. ಜಗಲಿಯಲ್ಲಿ ಗಂಟೆಗೆಂದು ತೂಗುಹಾಕಿದ್ದ ರೈಲು ಕಂಬಿಯ ತುಂಡಿನ ಪಕ್ಕ, ಬಾರಿಸುವ ಕಬ್ಬಿಣದ ಸರಳು ಒರಗಿತ್ತು. ಅದನ್ನು ಎತ್ತಿಕೊಂಡು ಒಳಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಮುಂದೆ ನಿಂತಳು.

“ಮೇಡಂ, ಏನ್ ಮಾಡ್ತಿದೀರಾ?” ಎಂದ ಶಶಿಕಾಂತ್.

ಮೊದಲ ಏಟಿಗೆ ಏನೂ ಆಗಲಿಲ್ಲ, ಅಂಗೈ ಮಾತ್ರ ಜುಮ್ಮೆಂದಿತು. ಎರಡನೆಯದಕ್ಕೆ ಪುಟ್ಟಿ ಚೆಕ್ಕೆಚೆಕ್ಕೆಯಾಗಿ ಉದುರಿತು. ಮೂರನೆಯದಕ್ಕೆ ಮೊರದಗಲದ ಗಾರೆ ಕಳಚಿ ನೆಲಕ್ಕೆ ಬಿತ್ತು, ಜೊತೆಗೆ ಗೋಡೆಯಾಚೆ ಏನೋ ದೊಪ್ಪೆಂದಿತು. ಧೂಳು ಅಡಗಿದಾಗ ಬಿರುಕು ಬಾಯಿ ತೆರೆದಿತ್ತು. ಬೆರಳು ತೂರುತ್ತಿದ್ದ ಜಾಗದಲ್ಲಿ ಈಗ ಅಂಗೈಯೇ ತೂರಬಹುದಿತ್ತು. ಅದರ ಮೂಲಕ ಹೊರಗಿನ ಬೆಳಕು, ಹೊನ್ನೇಮರ, ಮರದ ಕೆಳಗೆ ಎದ್ದು ನಿಂತ ಮಕ್ಕಳು ಕಂಡರು.

ಶಶಿಕಾಂತ್ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ತಾನೇ ಮುಂದೆ ಬಂದು ತಲೆಯೆತ್ತಿ ತೊಲೆಯನ್ನು ನೋಡಿದ. ಆಧಾರವಾಗಿದ್ದ ಇಟ್ಟಿಗೆ ಜಾರಿ, ತೊಲೆಯ ತುದಿ ಅರ್ಧ ಗಾಳಿಯಲ್ಲಿತ್ತು. ಅವನ ಅವಸರವೆಲ್ಲ ಇಳಿದುಹೋಯಿತು. ನಾಲ್ಕು ಫೋಟೋ ತೆಗೆದ.

“ಎಷ್ಟು ದಿನದಿಂದ ಹೀಗಿದೆ?”

“ಮೂರು ವರ್ಷ. ಹದಿನೇಳು ಅರ್ಜಿ ಕೊಟ್ಟಿದೀನಿ.”

“ಗೊತ್ತಿದ್ದೂ ಮೂರು ವರ್ಷ ಇದರೊಳಗೆ ಮಕ್ಕಳನ್ನ ಕೂರಿಸಿದೀರಾ?”

“ಬೇರೆ ಯಾವ ರೂಮೂ ಇಲ್ಲ ಸಾರ್.”

ಶಶಿಕಾಂತ್ ಅಂಗಳದಾಚೆ ನೋಡಿದ. “ನಾನು ಎಳನೀರು ಕುಡಿದ ರೂಮು?”

ಗಿರಿಜಾದೇವಿಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ಆಫೀಸು ಕೋಣೆ ಶಾಲೆಗೆ ಸರ್ಕಾರ ಕೊನೆಯದಾಗಿ ಕಟ್ಟಿಸಿಕೊಟ್ಟಿದ್ದು. ಗಟ್ಟಿ ಕಾಂಕ್ರೀಟ್ ಸೂರು, ಎರಡು ಕಿಟಕಿ, ಫ್ಯಾನು. ಅವಳು ಬರೆಯುವುದೆಲ್ಲ ಜಗಲಿಯ ಮೇಜಿನಲ್ಲೇ. ಆ ಕೋಣೆ ವರ್ಷಕ್ಕೆ ಐದಾರು ಸಲ ಬಂದುಹೋಗುವವರಿಗಾಗಿ ಗುಡಿಸಿ, ಒರೆಸಿ, ಬೀಗ ಹಾಕಿಕೊಂಡಿರುತ್ತಿತ್ತು. ಇಡೀ ಶಾಲೆಯಲ್ಲಿ ಗಟ್ಟಿಯಾದ ಸೂರು ಅದೊಂದೇ. ಅದರ ಕೆಳಗೆ ಮಕ್ಕಳನ್ನು ಕೂರಿಸಬಹುದೆಂದು ಅವಳಿಗೆ ಒಂದು ದಿನವೂ ತೋಚಿರಲಿಲ್ಲ. ಬಿರುಕಿಗೆ ತಾರೀಖು ಹಾಕುತ್ತಾ ಕೂತಿದ್ದಳು.

“ಬರ್ಕೊಳಿ ಸಾರ್,” ಎಂದಳು. “ಕೂರಿಸಬಾರದಿತ್ತು. ಅದನ್ನೂ ಬರ್ಕೊಳಿ.”

“ಬರೆದ್ರೆ ನಿಮಗೆ ನೋಟಿಸ್ ಬರುತ್ತೆ ಮೇಡಂ. ಗೋಡೆ ಒಡೆದಿದ್ದಕ್ಕೂ ಬರಬಹುದು.”

“ಬರ್ಲಿ. ಹದಿನೇಳು ಅರ್ಜಿ ಅನ್ನೋದನ್ನೂ ಬರೀರಿ. ಅದಕ್ಕೆ ಯಾರಿಗೆ ನೋಟಿಸ್ ಹೋಗುತ್ತೋ ನೋಡೋಣ.”

ಅವನ ಹೆಬ್ಬೆರಳು ಒಂದು ಕ್ಷಣ ತಡೆಯಿತು. ಅರ್ಜಿಗಳು ಬಂದು ಬಿದ್ದಿದ್ದು ಅವನದೇ ಕಚೇರಿಯ ಕಪಾಟಿನಲ್ಲಿ. ಅವಳು ಸರಳನ್ನು ಕೆಳಗಿಡದೆ ಕಾದಳು. ಕೊನೆಗೆ ಅವನು ಟೈಪು ಮಾಡಿದ, ಮಾಡಿದ್ದನ್ನು ಅವಳಿಗೆ ಓದಿ ಹೇಳಿದ: ಗೋಡೆ ಅಪಾಯಕಾರಿ, ಕೊಠಡಿ ಇಂದಿನಿಂದಲೇ ಬಂದ್, ಸರ್ಕಾರದ ಅನುದಾನದಲ್ಲಿ ಹೊಸ ಕೊಠಡಿ ಅಗತ್ಯ, ಮೂರು ವರ್ಷದಲ್ಲಿ ಹದಿನೇಳು ಅರ್ಜಿ ಸಲ್ಲಿಕೆಯಾಗಿದೆ. ಕಳಿಸಿದ. ಹನ್ನೊಂದೂಕಾಲು.

“ಪಟ್ಟಿಗೆ ಸೇರ್ತು ಮೇಡಂ. ಮಂಜೂರು ಮಾಡೋದು ಅವರ ಕೈಲಿದೆ.”

“ಮಾಡ್ದಿದ್ರೆ ಹದಿನೆಂಟನೇದು ಬರೀತೀನಿ.”

ಅವನು ಹೊರಡುವಷ್ಟರಲ್ಲಿ ಹನಿ ಶುರುವಾಯಿತು. ಮರದ ಕೆಳಗಿನ ಮಕ್ಕಳು ಅಭ್ಯಾಸಬಲದಿಂದ ತಮ್ಮ ಕೊಠಡಿಯ ಕಡೆಗೇ ಓಡಿಬಂದರು. ಗಿರಿಜಾದೇವಿ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು.

“ಇಲ್ಲಲ್ಲ. ಹೇಮಶ್ರೀ, ಎಲ್ಲರನ್ನೂ ಆಫೀಸ್ ರೂಮಿಗೆ ಕರ್ಕೊಂಡು ಹೋಗಿ. ಇನ್ಮೇಲೆ ಅಲ್ಲೇ ಕ್ಲಾಸು. ಕುರ್ಚಿಗಳನ್ನ ಹೊರಗೆ ಹಾಕಿ.”

ಮಕ್ಕಳು ನಂಬಲಾರದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕೋಣೆಯ ಒಳಗು ಹೇಗಿದೆ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಪ್ಪಲಿ ಬಿಚ್ಚಿಟ್ಟು, ದೇವರ ಮನೆಗೆ ಹೋಗುವವರ ಹಾಗೆ ಒಬ್ಬೊಬ್ಬರಾಗಿ ಒಳಗೆ ಹೋದರು. ಅದನ್ನು ನೋಡಿ ಗಿರಿಜಾದೇವಿಗೆ ಅಳು ಬಂತು. ಅವಳು ಬಿರುಕು ಬಿಟ್ಟ ಕೊಠಡಿಯ ಬಾಗಿಲು ಎಳೆದು ಬೀಗ ಜಡಿದಳು.

ಬೈರಣ್ಣ ಗೋಡೆಯ ಹೊರಗೆ, ಮಳೆಯಲ್ಲೇ ಬಗ್ಗಿದ್ದ. ರೈಲಿನ ಹೊಟ್ಟೆಯಿಂದ ಕಳಚಿ ಬಿದ್ದಿದ್ದ ಇಟ್ಟಿಗೆ ಅವನ ಕೈಯಲ್ಲಿತ್ತು, ಅದರ ಮೇಲೆ ಹಳದಿ ಕಿಟಕಿಯ ಒಂದು ಮೂಲೆ. ಮಕ್ಕಳು ಇದರ ಪಕ್ಕದಲ್ಲೇ ಆಡುತ್ತಿದ್ದರು ಎಂದು ಅವನಿಗೂ ಅನಿಸಿರಬೇಕು. ಇಟ್ಟಿಗೆಯನ್ನು ಜಗಲಿಯ ಮೇಲಿಟ್ಟು, ಆಫೀಸು ಕೋಣೆಗೆ ಹೋಗಿ, ಟವೆಲ್ ಹೊದಿಸಿದ ದೊಡ್ಡ ಕುರ್ಚಿಯನ್ನು ತಾನೇ ಹೊತ್ತುಕೊಂಡು ಬಂದ.

“ಇನ್ಮೇಲೆ ಸಾಹೇಬ್ರು ಬಂದ್ರೆ ಎಲ್ಲಿ ಕೂರ್ಸೋದು ಮೇಡಂ?”

ಗಿರಿಜಾದೇವಿ ಬೀಗ ಎಳೆದು ನೋಡಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇಷ್ಟು ದಿನ ನಾಲ್ಕನೇ ಕ್ಲಾಸು ಎಲ್ಲಿ ಕೂತಿತ್ತೋ, ಅಲ್ಲಿ.”

ಬೈರಣ್ಣ ಕುರ್ಚಿಯನ್ನು ಅಲ್ಲೇ, ಬೀಗ ಹಾಕಿದ ಬಾಗಿಲ ಮುಂದೆ ಇಳಿಸಿದ.